ಹೆಸರು ಹೆಸರನ್ನು ತೋರುವ ಬಗೆ: ಕಡತವ್ಯವಸ್ಥೆಯ ಸಾಂಕೇತಿಕ ಕೊಂಡಿಯ ಚರಿತ್ರೆ

೧

ಚೆನ್ನೈ ನಗರದಲ್ಲಿ ಎಳುಂಬೂರಿನಿಂದ ಉತ್ತರಕ್ಕೆ, ವೇಪೇರಿಯ ನೆರೆಯಲ್ಲಿ ಇರುವ ಪುರಸೈವಾಕ್ಕಂ ಇಂದು ಬಟ್ಟೆ, ಚಿನ್ನ, ಪಾತ್ರೆಗಳ ವ್ಯಾಪಾರಕ್ಕೆ ಹೆಸರಾದ ಬಡಾವಣೆಯಾಗಿದೆ. ೧೬೯೩ರಲ್ಲಿ ಎಳುಂಬೂರು, ತೊಂಡಿಯಾರ್‌ಪೇಟೆಗಳೊಡನೆ ಈ ಗ್ರಾಮವೂ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪೆನಿಯ ವಶಕ್ಕೆ ಬಂದಿತು. ತಮಿಳಿನ 'ಪುರಸು' ಎಂಬುದು ನಮ್ಮ ಮುತ್ತುಗದ ಮರ. ಆ ಮರದಿಂದಲೇ ಊರಿಗೆ ಹೆಸರು ಬಂದಿತೆಂದೂ ಇಲ್ಲಿಯ ಗಂಗಾಧರೇಶ್ವರ ದೇವಾಲಯದ ಸ್ಥಳವೃಕ್ಷವು ಅದೇ ಎಂದೂ ಹೇಳುತ್ತಾರೆ. ಇಲ್ಲಿ ಇಟ್ಟಿಗೆಗೂಡಿನ ಹೆಸರನ್ನು ಹೊತ್ತ ಬ್ರಿಕ್ ಕಿಲ್ನ್ ರಸ್ತೆಯಿದೆ. ಇಟ್ಟಿಗೆ ಸುಡುವ ಗೂಡುಗಳಿಲ್ಲ. ಪೆರಂಬೂರು ಬ್ಯಾರಕ್ಸ್ ರಸ್ತೆಯಿದೆ. ಅದರ ಹೆಸರು ಕಂಪೆನಿಯ ಕಾಲದ ದಂಡನ್ನು ನೆನಪಿಗೆ ತರುತ್ತದೆ. ದಕ್ಷಿಣದ ಅಂಚಿನಲ್ಲಿ ಹಾಯುವ ಹೆದ್ದಾರಿಯನ್ನು ಹಳಬರು ಪೂನಮಲ್ಲಿ ಹೈ ರೋಡ್ ಎಂದು ಕರೆಯುತ್ತಾರೆ. ಫಲಕದ ಮೇಲೆ ಅದು ಪೆರಿಯಾರ್ ಈ. ವೆ. ರಾ. ಹೆದ್ದಾರಿ.

ಈ ಹೆಸರುಗಳಲ್ಲಿ ಎರಡು ಬಗೆಯನ್ನು ಗುರುತಿಸಬೇಕು. ಬ್ರಿಕ್ ಕಿಲ್ನ್ ರಸ್ತೆಯ ಹೆಸರಿಗೆ ಕಾರಣವಾದ ವಸ್ತು ಇಲ್ಲವಾಗಿದೆ. ಆದರೆ ಹೆಸರು ಮಾತ್ರ ನೇರವಾಗಿ ಆ ರಸ್ತೆಗೇ ಸೇರಿದೆ, ಅದನ್ನು ಹೇಳಿದರೆ ರಸ್ತೆ ದೊರೆಯುತ್ತದೆ. ಪೂನಮಲ್ಲಿ ಹೈ ರೋಡ್ ಎಂಬ ಹೆಸರಿನ ಸ್ಥಿತಿ ಬೇರೆ. ಅದನ್ನು ಕೇಳಿದ ಹೊಸಬನು ಮೊದಲು 'ಅದೆಂದರೆ ಈಗಿನ ಈ. ವೆ. ರಾ. ಹೆದ್ದಾರಿ' ಎಂದು ತಿಳಿಯಬೇಕು. ಆಮೇಲೆ ಆ ಹೊಸ ಹೆಸರಿನ ಮೂಲಕ ರಸ್ತೆಯನ್ನು ಸೇರಬೇಕು. ಮೊದಲನೆಯದು ವಸ್ತುವನ್ನು ತೋರುವ ಹೆಸರು. ಎರಡನೆಯದು ಇನ್ನೊಂದು ಹೆಸರನ್ನು ತೋರುವ ಹೆಸರು. ಭೇದವು ಸೂಕ್ಷ್ಮವಾಗಿ ಕಂಡರೂ ಇದರ ಮೇಲೆ ಗಣಕಯಂತ್ರಗಳ ಕಡತವ್ಯವಸ್ಥೆಯ ಒಂದು ಮುಖ್ಯ ಸಾಧನವು ನಿಂತಿದೆ. ಇಂಗ್ಲಿಷಿನಲ್ಲಿ ಸಿಂಬಾಲಿಕ್ ಲಿಂಕ್ ಎನಿಸಿಕೊಳ್ಳುವ ಅದನ್ನು ಇಲ್ಲಿ 'ಸಾಂಕೇತಿಕ ಕೊಂಡಿ' ಎಂದು ಕರೆಯೋಣ. ಅದರ ಹುಟ್ಟು, ಬೆಳವಣಿಗೆ, ಗುಣದೋಷಗಳನ್ನು ವಿವರಿಸಿ, ಕನ್ನಡ ಗ್ರಂಥಗಳನ್ನೂ ದಾಖಲೆಗಳನ್ನೂ ಹೊರನಾಡಿನಲ್ಲಿ ಕಾಪಾಡಬಯಸುವವರಿಗೆ ಅದು ಕಲಿಸುವ ಪಾಠವನ್ನು ಸೂಚಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಗಣಕಯಂತ್ರಕ್ಕಿಂತ ಬಹು ಹಿಂದೆಯೇ ವಿದ್ವಾಂಸರು ಈ ಎರಡು ಬಗೆಯ ಹೆಸರುಗಳನ್ನು ಬಳಸಿಕೊಂಡಿದ್ದರು. ಅಮರಕೋಶದಂಥ ನಿಘಂಟಿನಲ್ಲಿ ಒಂದು ವಸ್ತುವಿನ ಪರ್ಯಾಯನಾಮಗಳೆಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ನೀರಿಗೆ ಹೇಳಿರುವ ಹೆಸರುಗಳಲ್ಲಿ ಒಂದು ಮೂಲ, ಮಿಕ್ಕವು ಅದರ ಆಶ್ರಿತಗಳು ಎಂಬ ಎಣಿಕೆಯಿಲ್ಲ. ಪ್ರತಿಯೊಂದೂ ಸಮಾನ ಅಧಿಕಾರದಿಂದ ನೀರನ್ನೇ ಹೇಳುತ್ತದೆ. ಅಕಾರಾದಿಯಾದ ಆಧುನಿಕ ನಿಘಂಟಿನ ಕ್ರಮವಾದರೋ ಬೇರೆ. ಫರ್ಡಿನೆಂಡ್ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಂದಿತು. ಅದರಲ್ಲಿ ಒಂದು ತದ್ಭವರೂಪವನ್ನು ಹುಡುಕಿದವನನ್ನು ಅದರ ತತ್ಸಮದತ್ತ ಕಳುಹಿಸುವ ಉಲ್ಲೇಖಗಳು ಹೇರಳವಾಗಿವೆ. ಅಂಥ ನಮೂದಿನಲ್ಲಿ ವಿವರವಾದ ಅರ್ಥವಿರುವುದಿಲ್ಲ, ಇನ್ನೊಂದು ನಮೂದಿನ ಹೆಸರಿರುತ್ತದೆ. ಈ ನಿಘಂಟನ್ನು ಪರಿಷ್ಕರಿಸಿ ವಿಸ್ತರಿಸಿದವರು ಎಂ. ಮರಿಯಪ್ಪ ಭಟ್ಟರು, ೧೯೬೮ರಿಂದ ೧೯೭೧ರ ವರೆಗೆ ನಾಲ್ಕು ಸಂಪುಟಗಳಲ್ಲಿ ಅದನ್ನು ಪ್ರಕಟಿಸಿದುದು ಮದರಾಸು ವಿಶ್ವವಿದ್ಯಾನಿಲಯ. ಕನ್ನಡದ ಈ ಕೆಲಸ ಚೆನ್ನೈಯಲ್ಲಿ ನಡೆಯಿತೆಂಬುದು ಇಲ್ಲಿಯ ಕನ್ನಡಿಗರಿಗೆ ಅಭಿಮಾನದ ಸಂಗತಿ.

ಗ್ರಂಥಾಲಯಗಳ ಸೂಚಿಯಲ್ಲಿ ಈ ಪದ್ಧತಿಗೆ ಶಾಸ್ತ್ರೀಯವಾದ ನಿಯಮಗಳು ದೊರೆತುದಕ್ಕೂ ಇದೇ ವಿಶ್ವವಿದ್ಯಾನಿಲಯಕ್ಕೂ ಸಂಬಂಧವುಂಟು. ಶಿಯಾಳಿಯಲ್ಲಿ ೧೮೯೨ರಲ್ಲಿ ಜನಿಸಿದ ಎಸ್. ಆರ್. ರಂಗನಾಥನ್ ಅವರು ಮೊದಲು ಗಣಿತದ ಅಧ್ಯಾಪಕರು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿಯೂ ಕೆಲವು ವರ್ಷ ಪಾಠ ಹೇಳಿದ್ದರು. ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. ೧೯೩೩ರಲ್ಲಿ ಅವರ ಕೋಲನ್ ವರ್ಗೀಕರಣವೂ ೧೯೩೪ರಲ್ಲಿ ವರ್ಗೀಕೃತ ಸೂಚಿಯ ಸಂಹಿತೆಯೂ ಪ್ರಕಟವಾದವು. ಆ ಸಂಹಿತೆಯಲ್ಲಿ ಗ್ರಂಥದ ಮುಖ್ಯ ನಮೂದು ಒಂದು. ಅದರತ್ತ ಓದುಗನನ್ನು ಕರೆತರುವ ಉಲ್ಲೇಖ ನಮೂದುಗಳು ಬೇರೆ. ಲೇಖಕನ ಕಾವ್ಯನಾಮದಡಿ ಹುಡುಕಿದವನಿಗೆ ನಿಜನಾಮವನ್ನು ನೋಡೆಂದು ಹೇಳುವ ಚೀಟಿ ಅಂಥದ್ದು. ಗ್ರಂಥದ ಪೂರ್ಣ ವಿವರವನ್ನು ಎಲ್ಲ ಚೀಟಿಗಳಲ್ಲಿಯೂ ಬರೆಯುತ್ತ ಹೋದರೆ ಶ್ರಮ ಹೆಚ್ಚು, ತಿದ್ದುವಾಗ ಒಂದು ಉಳಿದು ಇನ್ನೊಂದು ತಪ್ಪುವ ಭಯವೂ ಹೆಚ್ಚು. ವಿವರ ಒಂದೆಡೆ, ದಾರಿ ಹಲವೆಡೆ ಎಂಬುದೇ ಇಲ್ಲಿಯ ತತ್ತ್ವ. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ೧೯೬೨ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿ ೧೯೭೨ರಲ್ಲಿ ಅಲ್ಲಿಯೇ ತೀರಿಕೊಂಡರು.

೩

ಇನ್ನು ಗಣಕಯಂತ್ರದ ವಿಷಯಕ್ಕೆ ಬರೋಣ. ಯಂತ್ರದ ಡಿಸ್ಕಿನಲ್ಲಿ ಕಡತಗಳಿರುತ್ತವೆ, ಅವುಗಳ ಹೆಸರುಗಳನ್ನು ಪಟ್ಟಿಮಾಡಿ ಇಡುವ ಕೋಶಗಳಿರುತ್ತವೆ, ಕೋಶದೊಳಗೆ ಕೋಶವಿರಬಹುದು. ಹೀಗೆ ಒಂದು ಬೇರಿನಿಂದ ಕವಲೊಡೆದ ಮರದಂತೆ ಎಲ್ಲವೂ ಅಣಿಯಾಗಿರುತ್ತದೆ. ಬೇರಿನಿಂದ ಹಿಡಿದು ಒಂದೊಂದೇ ಕೋಶದ ಹೆಸರನ್ನು ಹೇಳುತ್ತ ಕಡತದ ವರೆಗೆ ಬರುವ ಸಾಲಿಗೆ ಮಾರ್ಗನಾಮವೆನ್ನಬಹುದು. ರಾಜ್ಯ, ಜಿಲ್ಲೆ, ತಾಲ್ಲೂಕು, ಗ್ರಾಮ, ಮನೆ ಎಂದು ವಿಳಾಸ ಬರೆಯುವವರಿಗೆ ಇದು ಹೊಸದಲ್ಲ.

ಕಡತಗಳ ಈ ವೃಕ್ಷವ್ಯವಸ್ಥೆಯನ್ನು ಸ್ಪಷ್ಟವಾಗಿ ನಿರೂಪಿಸಿದ ಪ್ರಬಂಧವೊಂದನ್ನು ಆರ್. ಸಿ. ಡೇಲಿ ಮತ್ತು ಪಿ. ಜಿ. ನ್ಯೂಮನ್ ಎಂಬವರು ೧೯೬೫ರಲ್ಲಿ ಅಮೆರಿಕದಲ್ಲಿ ಮಂಡಿಸಿದರು. ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆ, ಬೆಲ್ ಪ್ರಯೋಗಶಾಲೆ, ಜನರಲ್ ಎಲೆಕ್ಟ್ರಿಕ್ ಕಂಪೆನಿ ಈ ಮೂವರೂ ಕೂಡಿ ಕೈಗೊಂಡಿದ್ದ ಮಲ್ಟಿಕ್ಸ್ ಎಂಬ ಯೋಜನೆಯ ಅಂಗವದು. ಅದರಲ್ಲಿ ಕೋಶದೊಳಗಿನ ನಮೂದು ಎರಡು ತೆರ: ವಸ್ತುವನ್ನೇ ಹೊತ್ತ ಶಾಖೆ ಒಂದು, ಬೇರೆಲ್ಲಿಯೋ ಇರುವ ನಮೂದಿನ ಮಾರ್ಗವನ್ನು ಹೊತ್ತ ಕೊಂಡಿ ಇನ್ನೊಂದು. ಹಲವು ಜನರು ಒಂದೇ ಯಂತ್ರವನ್ನು ಹಂಚಿಕೊಂಡು ದುಡಿಯುವಾಗ ಒಬ್ಬನ ಕಡತವನ್ನು ಮತ್ತೊಬ್ಬನು ನಕಲು ಮಾಡದೆ ತನ್ನದೇ ಕೋಶದಿಂದ ಕಾಣಬೇಕೆಂಬ ಅಪೇಕ್ಷೆಯೇ ಇದಕ್ಕೆ ಪ್ರೇರಣೆ. ಸಾಂಕೇತಿಕ ಕೊಂಡಿಯ ಬೀಜವನ್ನು ನಾವು ಇಲ್ಲಿಯೇ ಕಾಣುತ್ತೇವೆ.

ಬೆಲ್ ಪ್ರಯೋಗಶಾಲೆಯು ೧೯೬೯ರಲ್ಲಿ ಮಲ್ಟಿಕ್ಸ್ ಯೋಜನೆಯಿಂದ ಹಿಂದೆ ಸರಿಯಿತು. ಅಲ್ಲಿಯ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಅದೇ ವರ್ಷ ಒಂದು ಚಿಕ್ಕ ಯಂತ್ರದ ಮೇಲೆ ಯೂನಿಕ್ಸ್ ಎಂಬ ಸರಳ ವ್ಯವಸ್ಥೆಯನ್ನು ಕಟ್ಟತೊಡಗಿದರು. ಅವರು ಮರದ ಕಲ್ಪನೆಯನ್ನು ಉಳಿಸಿಕೊಂಡರು; ಆದರೆ ಮಾರ್ಗವನ್ನು ಹೊತ್ತ ಕೊಂಡಿಯನ್ನು ಬಿಟ್ಟು ಬೇರೊಂದು ಉಪಾಯ ಹೂಡಿದರು. ಇದು ಕಡತಕ್ಕೂ ಹೆಸರಿಗೂ ಇರುವ ಸಂಬಂಧವನ್ನೇ ಬದಲಿಸಿದ ಉಪಾಯವಾದುದರಿಂದ ತುಸು ವಿವರವಾಗಿ ನೋಡುವುದು ಅವಶ್ಯ.

೪

ಯೂನಿಕ್ಸಿನಲ್ಲಿ ಕಡತದ ಗಾತ್ರ, ಒಡೆಯ, ಡಿಸ್ಕಿನಲ್ಲಿ ಅದರ ತುಣುಕುಗಳಿರುವ ಜಾಗ ಮುಂತಾದ ವಿವರಗಳೆಲ್ಲ ಐನೋಡ್ ಎಂಬ ದಾಖಲೆಯಲ್ಲಿರುತ್ತವೆ. ಪ್ರತಿಯೊಂದು ಐನೋಡಿಗೂ ಒಂದು ಸಂಖ್ಯೆಯುಂಟು. ಆಶ್ಚರ್ಯವೆಂದರೆ ಆ ದಾಖಲೆಯಲ್ಲಿ ಕಡತದ ಹೆಸರೇ ಇರುವುದಿಲ್ಲ. ಹೆಸರು ಇರುವುದು ಕೋಶದಲ್ಲಿ. ಕೋಶವೆಂದರೆ 'ಇಂಥ ಹೆಸರಿಗೆ ಇಂಥ ಸಂಖ್ಯೆ' ಎಂಬ ಜೋಡಿಗಳ ಪಟ್ಟಿ. ಆದಕಾರಣ ಒಂದೇ ಸಂಖ್ಯೆಗೆ ಎರಡು ಹೆಸರುಗಳನ್ನು, ಬೇರೆ ಬೇರೆ ಕೋಶಗಳಲ್ಲಿಯೂ, ಬರೆದಿಡಲು ಅಡ್ಡಿಯಿಲ್ಲ. ಹೀಗೆ ಬರೆದ ಹೆಸರಿಗೆ ಹಾರ್ಡ್ ಲಿಂಕ್, ಎಂದರೆ ದೃಢ ಕೊಂಡಿ, ಎಂದು ಹೆಸರು. ಎರಡರಲ್ಲಿ ಮೊದಲು ಬರೆದದ್ದು ಮೂಲ, ಆಮೇಲೆ ಬರೆದದ್ದು ನಕಲಿ ಎಂಬ ಭೇದ ಯಂತ್ರಕ್ಕೆ ತಿಳಿಯದು. ಇದು ಅಮರಕೋಶದ ಪರ್ಯಾಯನಾಮದ ಕ್ರಮವೇ ಸರಿ.

ತನಗೆ ಎಷ್ಟು ಹೆಸರುಗಳಿವೆ ಎಂಬ ಎಣಿಕೆಯನ್ನು ಐನೋಡು ತಾನೇ ಇಟ್ಟುಕೊಂಡಿರುತ್ತದೆ. ಎರಡು ಹೆಸರುಗಳಿರುವಾಗ ಒಂದನ್ನು ಅಳಿಸಿದರೆ ಎಣಿಕೆ ೨ರಿಂದ ೧ಕ್ಕೆ ಇಳಿಯುತ್ತದೆ. ಕಡತಕ್ಕೆ ಏನೂ ಆಗುವುದಿಲ್ಲ. ಕೊನೆಯ ಹೆಸರೂ ಅಳಿದು ಎಣಿಕೆ ಸೊನ್ನೆಯಾಗಿ, ಯಾವ ಕಾರ್ಯಕ್ರಮವೂ ಅದನ್ನು ತೆರೆದಿಟ್ಟುಕೊಂಡಿಲ್ಲವಾದರೆ ಮಾತ್ರ ಜಾಗವನ್ನು ಬೇರೆಯದಕ್ಕೆ ಬಿಟ್ಟುಕೊಡುತ್ತದೆ. ಹೀಗೆ ಹೆಸರು ಇರುವ ತನಕ ವಸ್ತು ಇರುತ್ತದೆಂಬ ಭರವಸೆ ದೃಢ ಕೊಂಡಿಯ ಗುಣ.

ಆದರೆ ಇದಕ್ಕೆ ಎರಡು ಮಿತಿಗಳುಂಟು. ಮೊದಲನೆಯದಾಗಿ, ಐನೋಡಿನ ಸಂಖ್ಯೆಗೆ ಒಂದು ಕಡತವ್ಯವಸ್ಥೆಯ ಒಳಗೆ ಮಾತ್ರ ಬೆಲೆ. ಹೊಲದ ಸರ್ವೆ ನಂಬರು ಹೇಗೆ ಒಂದು ಗ್ರಾಮದ ಒಳಗೆ ಮಾತ್ರ ಅರ್ಥವುಳ್ಳದ್ದೋ ಇದೂ ಹಾಗೆ. ನಮ್ಮೂರಿನ ೪೫ನೆಯ ನಂಬರಿಗೂ ಪಕ್ಕದ ಊರಿನ ೪೫ನೆಯ ನಂಬರಿಗೂ ಸಂಬಂಧವಿಲ್ಲ. ಹೀಗಿರಲು ಒಂದು ಡಿಸ್ಕಿನ ಕೋಶದಲ್ಲಿ ಇನ್ನೊಂದು ಡಿಸ್ಕಿನ ಕಡತದ ಸಂಖ್ಯೆಯನ್ನು ಬರೆದರೆ ಅದು ಯಾವುದೋ ಬೇರೆ ಹೊಲವನ್ನು ತೋರುತ್ತದೆ. ಎರಡನೆಯದಾಗಿ, ಕೋಶಕ್ಕೆ ಈ ಬಗೆಯ ಎರಡನೆಯ ಹೆಸರನ್ನು ಕೊಡಲು ಸಾಮಾನ್ಯ ಬಳಕೆದಾರನಿಗೆ ಅವಕಾಶವಿಲ್ಲ. ಕೊಟ್ಟರೆ ಮಗನ ಕೋಶದೊಳಗೆ ಅಜ್ಜನ ಕೋಶವನ್ನೇ ಕಟ್ಟಿದಂತಾಗಿ, ಮರವನ್ನು ಸುತ್ತಿ ಬರುವ ಕಾರ್ಯಕ್ರಮಗಳಿಗೆ ಕೊನೆಯೇ ಇಲ್ಲದಾಗುತ್ತದೆ. ಒಂದು ಕೋಶದ ತಂದೆ ಯಾವುದೆಂಬ ಪ್ರಶ್ನೆಗೂ ಎರಡು ಉತ್ತರಗಳು ಬರುತ್ತವೆ.

ಡಿಸ್ಕುಗಳ ಸಂಖ್ಯೆ ಹೆಚ್ಚಿ, ಯಂತ್ರಗಳು ಜಾಲದ ಮೂಲಕ ಒಂದನ್ನೊಂದು ಕೂಡಿದಂತೆ ಈ ಮಿತಿಗಳು ಬಾಧಿಸತೊಡಗಿದವು. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದವರು ಯೂನಿಕ್ಸನ್ನು ಪರಿಷ್ಕರಿಸಿ ೧೯೮೩ರಲ್ಲಿ ಹೊರತಂದ ೪.೨ ಬಿಎಸ್‌ಡಿ ಆವೃತ್ತಿಯಲ್ಲಿ ಸಾಂಕೇತಿಕ ಕೊಂಡಿ ಸೇರಿತು. ಮೆಕ್ಯೂಸಿಕ್, ಜಾಯ್, ಲೆಫ್ಲರ್, ಫೇಬ್ರಿ ಎಂಬ ನಾಲ್ವರು ೧೯೮೪ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದರ ವಿವರಣೆಯಿದೆ. ಮಲ್ಟಿಕ್ಸಿನಲ್ಲಿ ಇದ್ದು ಯೂನಿಕ್ಸಿನಲ್ಲಿ ಕೈಬಿಟ್ಟದ್ದು ಸುಮಾರು ಎರಡು ದಶಕಗಳ ತರುವಾಯ ಮರಳಿ ಬಂದಂತಾಯಿತು. ಮುಂದೆ ಎಟಿ ಅಂಡ್ ಟಿ ಕಂಪೆನಿಯ ಯೂನಿಕ್ಸ್ ಶಾಖೆಯೂ ಅದನ್ನು ಅಂಗೀಕರಿಸಿತು. ೨೦೦೧ರ ಪಾಸಿಕ್ಸ್ ಮಾನಕದಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಮ್ಯಾಕಿಂಟಾಷಿನಲ್ಲಿ ೧೯೯೧ರಿಂದ ಏಲಿಯಸ್ ಎಂಬುದೂ ವಿಂಡೋಸಿನಲ್ಲಿ ೧೯೯೫ರಿಂದ ಶಾರ್ಟ್‌ಕಟ್ ಎಂಬುದೂ ಬಳಕೆಗೆ ಬಂದವಷ್ಟೆ. ಇವು ಹೊರನೋಟಕ್ಕೆ ಹೋಲುವಂಥವು, ಸ್ವಭಾವದಲ್ಲಿ ಬೇರೆ. ಶಾರ್ಟ್‌ಕಟ್ ಎಂಬುದನ್ನು ಅರ್ಥಮಾಡಿಕೊಳ್ಳುವುದು ಪರದೆಯ ಮೇಲಿನ ಕಾರ್ಯಕ್ರಮ. ಸಾಂಕೇತಿಕ ಕೊಂಡಿಯನ್ನು ಅರ್ಥಮಾಡಿಕೊಳ್ಳುವುದು ಕಡತವ್ಯವಸ್ಥೆಯೇ. ಆದ್ದರಿಂದ ಎರಡನೆಯದನ್ನು ಬಳಸುವ ಕಾರ್ಯಕ್ರಮಕ್ಕೆ ತಾನು ಕೊಂಡಿಯ ಮೂಲಕ ಬಂದೆನೆಂಬ ಅರಿವು ಬೇಕಾಗಿಯೇ ಇಲ್ಲ. ವಿಂಡೋಸಿನ ವಿಸ್ಟಾ ಆವೃತ್ತಿಯಿಂದ ಈಚೆಗೆ ಅಲ್ಲಿಯೂ ನಿಜವಾದ ಸಾಂಕೇತಿಕ ಕೊಂಡಿ ಉಂಟು.

೫

ಸಾಂಕೇತಿಕ ಕೊಂಡಿಯೂ ಒಂದು ಕಡತವೇ. ಆದರೆ ಅದರ ಮೇಲೆ 'ಇದು ಕೊಂಡಿ' ಎಂಬ ಗುರುತಿರುತ್ತದೆ. ಅದರ ಒಡಲಲ್ಲಿ ಇರುವುದು ಇನ್ನೊಂದು ಮಾರ್ಗನಾಮ, ಅಷ್ಟೆ. ಆ ಬರಹ ಚಿಕ್ಕದಾಗಿದ್ದರೆ ಅದಕ್ಕೆ ಡಿಸ್ಕಿನಲ್ಲಿ ಬೇರೆ ಜಾಗವೂ ಬೇಡ: ಲಿನಕ್ಸಿನ ಎಕ್ಸ್ಟ್ ವರ್ಗದ ಕಡತವ್ಯವಸ್ಥೆಗಳಲ್ಲಿ ೬೦ ಬೈಟಿಗಿಂತ ಕಡಮೆಯಾದ ಮಾರ್ಗವನ್ನು ಐನೋಡಿನ ಒಳಗೇ ಬರೆದಿಡುತ್ತಾರೆ.

ಒಂದು ಉದಾಹರಣೆಯಿಂದ ಇದರ ನಡೆ ಸ್ಪಷ್ಟವಾದೀತು. ಒಂದು ಸಂಘದ ಯಂತ್ರದಲ್ಲಿ ಗ್ರಂಥಾಲಯವೆಂಬ ಕೋಶವೂ ಅದರೊಳಗೆ ಮದರಾಸು ಎಂಬ ಕೋಶವೂ ಅದರೊಳಗೆ ಕಿಟ್ಟೆಲ್ ಎಂಬ ಕಡತವೂ ಇದ್ದವೆಂದು ಭಾವಿಸೋಣ. ನಗರದ ಹೆಸರು ೧೯೯೬ರಲ್ಲಿ ಬದಲಾದುದನ್ನು ನೆನೆದು ಕಾರ್ಯದರ್ಶಿಯು ಆ ಕೋಶಕ್ಕೆ ಚೆನ್ನೈ ಎಂದು ಹೆಸರಿಡುತ್ತಾನೆ. ಹಳೆಯ ಹೆಸರಿನಿಂದ ಹುಡುಕುವವರಿಗಾಗಿ ಮದರಾಸು ಎಂಬ ಸಾಂಕೇತಿಕ ಕೊಂಡಿಯನ್ನು ಮಾಡಿ ಅದರ ಒಡಲಲ್ಲಿ 'ಚೆನ್ನೈ' ಎಂದು ಬರೆಯುತ್ತಾನೆ. ಈಗ ಯಾರಾದರೂ 'ಗ್ರಂಥಾಲಯ, ಮದರಾಸು, ಕಿಟ್ಟೆಲ್' ಎಂಬ ಮಾರ್ಗವನ್ನು ಕೇಳಿದರೆ ಯಂತ್ರವು ಬೇರಿನಿಂದ ಹೊರಟು ಗ್ರಂಥಾಲಯವನ್ನು ಸೇರುತ್ತದೆ. ಅಲ್ಲಿ ಮದರಾಸು ಎಂಬ ನಮೂದನ್ನು ಕಂಡು ಅದು ಕೊಂಡಿಯೆಂದು ಅರಿಯುತ್ತದೆ. ಅದರ ಬರಹವನ್ನು ಓದಿ, ಇನ್ನೂ ಉಳಿದಿರುವ ಮಾರ್ಗದ ಮುಂದೆ ಅದನ್ನು ಜೋಡಿಸಿಕೊಳ್ಳುತ್ತದೆ. ಹಾಗಾಗಿ ಮುಂದಿನ ಹುಡುಕಾಟ 'ಚೆನ್ನೈ, ಕಿಟ್ಟೆಲ್' ಎಂದಾಗುತ್ತದೆ. ಬರಹವು ಬೇರಿನಿಂದ ಆರಂಭವಾಗದುದರಿಂದ ಕೊಂಡಿ ಇರುವ ಗ್ರಂಥಾಲಯ ಕೋಶದಿಂದಲೇ ಈ ಹುಡುಕಾಟ ನಡೆಯುತ್ತದೆ. ಇಂಥದು ಸಾಪೇಕ್ಷ ಕೊಂಡಿ. ಬರಹವು ಬೇರಿನಿಂದಲೇ ಆರಂಭವಾಗಿದ್ದರೆ ಯಂತ್ರವು ಮತ್ತೆ ಬೇರಿಗೆ ಹೋಗಿ ಅಲ್ಲಿಂದ ಹೊರಡುತ್ತದೆ. ಅದು ನಿರಪೇಕ್ಷ ಕೊಂಡಿ. ಗ್ರಂಥಾಲಯ ಕೋಶವನ್ನು ಇಡಿಯಾಗಿ ಬೇರೆ ಡಿಸ್ಕಿಗೆ ಸಾಗಿಸಿದರೆ ಸಾಪೇಕ್ಷ ಕೊಂಡಿಯು ಕೆಡುವುದಿಲ್ಲ, ಏಕೆಂದರೆ ಮದರಾಸು, ಚೆನ್ನೈ ಎರಡೂ ಒಟ್ಟಿಗೆ ಹೋಗಿರುತ್ತವೆ. ನಿರಪೇಕ್ಷ ಕೊಂಡಿಯಾದರೋ ಹಳೆಯ ಜಾಗವನ್ನೇ ಕೂಗುತ್ತಿರುತ್ತದೆ.

ಕೊಂಡಿಯನ್ನು ಅಳಿಸಿದರೆ ಗುರಿಗೆ ಏನೂ ಆಗದು. ಗುರಿಯನ್ನು ಅಳಿಸಿದರೂ ಕೊಂಡಿಗೆ ಏನೂ ಆಗದು. ಅದು ಇಲ್ಲದುದನ್ನು ತೋರುತ್ತ ನಿಂತಿರುತ್ತದೆ. ಇದಕ್ಕೆ ತೂಗಾಡುವ ಕೊಂಡಿ ಎನ್ನುತ್ತಾರೆ. ಮುಂದೆ ಅದೇ ಹೆಸರಿನಲ್ಲಿ ಬೇರೊಂದು ಕಡತವನ್ನು ಯಾರಾದರೂ ಇಟ್ಟರೆ ಕೊಂಡಿಯು ಯಾವ ಸಂಶಯವೂ ಇಲ್ಲದೆ ಅದನ್ನೇ ತೋರತೊಡಗುತ್ತದೆ. ಅದು ನೆನಪಿಟ್ಟುಕೊಂಡದ್ದು ಹೆಸರನ್ನು, ವಸ್ತುವನ್ನಲ್ಲ. ಗುರಿಯಾದ ಕಡತಕ್ಕೂ ತನ್ನನ್ನು ಎಷ್ಟು ಸಾಂಕೇತಿಕ ಕೊಂಡಿಗಳು ನಂಬಿಕೊಂಡಿವೆ ಎಂಬ ಎಣಿಕೆಯಿಲ್ಲ. ಗಡಿಯನ್ನು ದಾಟಬಲ್ಲೆವೆಂಬ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆ ಇದು.

ಕೊಂಡಿಯು ಕೊಂಡಿಯನ್ನೇ ತೋರಿದರೆ ಏನಾಗಬೇಕು? ನಮ್ಮ ತಾರ್ಕಿಕರು ಎಣಿಸಿರುವ ದೋಷಗಳು ಇಲ್ಲಿ ಕಣ್ಣಿಗೆ ಕಾಣುವಂತಿವೆ. ಕೊಂಡಿ ತನ್ನನ್ನೇ ತೋರಿದರೆ ಆತ್ಮಾಶ್ರಯ. ಎರಡು ಕೊಂಡಿಗಳು ಒಂದನ್ನೊಂದು ತೋರಿದರೆ ಅನ್ಯೋನ್ಯಾಶ್ರಯ. ಮೂರು ನಾಲ್ಕು ಸೇರಿ ಸುತ್ತಿದರೆ ಚಕ್ರಕ. ಕೊನೆಯಿಲ್ಲದೆ ಮುಂದುವರಿದರೆ ಅನವಸ್ಥೆ. ಯಂತ್ರವು ಇವುಗಳನ್ನು ತರ್ಕದಿಂದ ಬೇರೆ ಬೇರೆಯಾಗಿ ಕಂಡುಹಿಡಿಯುವ ಗೋಜಿಗೆ ಹೋಗುವುದಿಲ್ಲ. ದಾಟಿದ ಕೊಂಡಿಗಳನ್ನು ಎಣಿಸುತ್ತ ಹೋಗಿ ಒಂದು ಮಿತಿಯನ್ನು ಮೀರಿದೊಡನೆ ದಾರಿ ಸಾಗದೆಂದು ಹೇಳಿ ನಿಲ್ಲುತ್ತದೆ. ೪.೨ ಬಿಎಸ್‌ಡಿಯಲ್ಲಿ ಆ ಮಿತಿ ೮. ಇಂದಿನ ಲಿನಕ್ಸಿನಲ್ಲಿ ೪೦.

ಇದರ ದುರುಪಯೋಗವೂ ಉಂಟು. ಅಧಿಕಾರವುಳ್ಳ ಕಾರ್ಯಕ್ರಮವೊಂದು ಎಲ್ಲರೂ ಬರೆಯಬಹುದಾದ ತಾತ್ಕಾಲಿಕ ಕೋಶದಲ್ಲಿ ಒಂದು ಹೆಸರನ್ನು ಪರೀಕ್ಷಿಸಿ, ಮರುಕ್ಷಣ ಅದಕ್ಕೆ ಬರೆಯಲು ಹೋಗುತ್ತದೆ. ಆ ಎರಡರ ನಡುವೆ ವಂಚಕನು ಅದೇ ಹೆಸರಿನ ಕೊಂಡಿಯನ್ನಿಟ್ಟು ಅದನ್ನು ಬೇರೆ ಮುಖ್ಯ ಕಡತದತ್ತ ತಿರುಗಿಸುತ್ತಾನೆ. ವಿಳಾಸ ನೋಡಿ ಬಂದವನು ಬಾಗಿಲು ತಟ್ಟುವಷ್ಟರಲ್ಲಿ ಫಲಕವನ್ನು ಬದಲಿಸಿದಂತೆ. ಇದನ್ನು ತಡೆಯಲು ೨೦೧೨ರ ಲಿನಕ್ಸ್ ೩.೬ರಲ್ಲಿ ಅಂಥ ಕೋಶಗಳೊಳಗಿನ ಪರರ ಕೊಂಡಿಗಳನ್ನು ಅನುಸರಿಸದಂತೆ ಮಾಡುವ ಏರ್ಪಾಟು ಬಂದಿತು.

೬

ಇಷ್ಟು ದೋಷಗಳಿದ್ದರೂ ಈ ಸಾಧನವು ಅನಿವಾರ್ಯವಾದುದು ಏಕೆ? ಹೆಸರು ಬದಲಾಗುವ ಲೋಕದಲ್ಲಿ ಹಳೆಯ ಬರಹಗಳನ್ನು ಕೆಡಿಸದೆ ಮುಂದೆ ಸಾಗುವುದಕ್ಕೆ ಇದೇ ಸುಲಭವಾದ ದಾರಿ. ಯೂನಿಕ್ಸಿನ ಚರಿತ್ರೆಯಲ್ಲಿಯೇ ಇದಕ್ಕೆ ಸೊಗಸಾದ ನಿದರ್ಶನವಿದೆ. ಅಲ್ಲಿ ಕಾರ್ಯಕ್ರಮಗಳನ್ನು ಇಡುವ ಬಿನ್ ಎಂಬ ಕೋಶವಿತ್ತು. ಆರಂಭದ ದಿನಗಳಲ್ಲಿ ಡಿಸ್ಕಿನಲ್ಲಿ ಜಾಗ ಸಾಲದೆ ಎರಡನೆಯ ಡಿಸ್ಕಿನ ಯುಎಸ್ಆರ್ ಎಂಬ ಕೋಶದೊಳಗೆ ಇನ್ನೊಂದು ಬಿನ್ ಹುಟ್ಟಿತೆಂದು ಹೇಳುತ್ತಾರೆ. ಕಾರಣ ಇಲ್ಲವಾದರೂ ಇಬ್ಬಗೆ ಉಳಿದುಕೊಂಡು ಬಂದಿತು. ೨೦೧೨ರ ಫೆಡೋರಾ ೧೭ರಲ್ಲಿ ಎರಡನ್ನೂ ಯುಎಸ್ಆರ್ ಒಳಗಿನ ಬಿನ್ನಿನಲ್ಲಿ ಒಂದುಗೂಡಿಸಿದರು. ೨೦೨೩ರ ಡೆಬಿಯನ್ ೧೨ ಈ ಒಂದುಗೂಡಿಕೆಯನ್ನು ಕಡ್ಡಾಯ ಮಾಡಿತು. ಆದರೆ ಹಳೆಯ ಮಾರ್ಗವನ್ನು ಬರೆದಿಟ್ಟುಕೊಂಡಿರುವ ಕಾರ್ಯಕ್ರಮಗಳು ಲೋಕದಲ್ಲಿ ಅಸಂಖ್ಯ. ಅವುಗಳನ್ನೆಲ್ಲ ತಿದ್ದುವವರಾರು? ಹಳೆಯ ಬಿನ್ ಎಂಬ ಹೆಸರನ್ನು ಸಾಂಕೇತಿಕ ಕೊಂಡಿಯಾಗಿ ಉಳಿಸಿದರು. ಹಳೆಯ ಹೆಸರಿನಿಂದ ಕರೆದವರೂ ಹೊಸ ಮನೆಯನ್ನೇ ಸೇರುತ್ತಾರೆ.

ನಾಡುಗಳ ಚರಿತ್ರೆಯಲ್ಲಿಯೂ ಇದೇ ಸಮಸ್ಯೆ ಬರುತ್ತದೆ. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿಯ ಬಹುಭಾಗ ಮದರಾಸು ರಾಜ್ಯದಿಂದ ಮೈಸೂರಿಗೆ ಸೇರಿತು. ೧೯೫೬ರ ನವೆಂಬರ್ ೧ರಂದು ದಕ್ಷಿಣ ಕನ್ನಡವೂ ಕೂಡಿಕೊಂಡಿತು, ಕಾಸರಗೋಡು ಕೇರಳಕ್ಕೆ ಹೋಯಿತು. ೧೯೭೩ರಲ್ಲಿ ಮೈಸೂರು ರಾಜ್ಯವೇ ಕರ್ನಾಟಕವಾಯಿತು. ಬಳ್ಳಾರಿಯ ಒಂದು ಹಳ್ಳಿಯ ದಾಖಲೆಯನ್ನು ಅರಸುವವನು ಕಾಲಕ್ಕೆ ತಕ್ಕಂತೆ ಬೇರೆ ಬೇರೆ ಮಾರ್ಗನಾಮಗಳಲ್ಲಿ ಹುಡುಕಬೇಕಾಗುತ್ತದೆ. ಹಳ್ಳಿ ಅಲುಗಿಲ್ಲ, ಅದರ ಮೇಲಿನ ಕೊಂಬೆಗಳು ಬದಲಾದವು. ಮದರಾಸು ಚೆನ್ನೈಯಾದರೂ ಉಚ್ಚ ನ್ಯಾಯಾಲಯವೂ ವಿಶ್ವವಿದ್ಯಾನಿಲಯವೂ ಮದರಾಸಿನ ಹೆಸರನ್ನೇ ಉಳಿಸಿಕೊಂಡಿವೆ.

೭

ಈಗ ನಮಗೆ ಹೆಚ್ಚು ಸಮೀಪವಾದ ವಿಷಯವನ್ನು ಪರಿಶೀಲಿಸಬಹುದು. ಕರ್ನಲ್ ಕಾಲಿನ್ ಮೆಕೆಂಜಿಯು ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯ ಅಳತೆಯನ್ನು ನಡೆಸುತ್ತ, ಕಾವಲಿ ಬೊರಯ್ಯ, ಲಕ್ಷ್ಮಯ್ಯ ಮೊದಲಾದ ಸಹಾಯಕರ ಮೂಲಕ ಊರೂರಿನ ಕೈಫಿಯತ್ತು, ಶಾಸನಪ್ರತಿ, ಓಲೆಗರಿಗಳನ್ನು ಸಂಗ್ರಹಿಸಿದನು. ಅವನು ೧೮೨೧ರಲ್ಲಿ ತೀರಿಕೊಂಡ ಮೇಲೆ ಕಂಪೆನಿಯು ಆ ಸಂಗ್ರಹವನ್ನು ಕೊಂಡಿತು. ವಿಲ್ಸನ್ ಪಂಡಿತನು ೧೮೨೮ರಲ್ಲಿ ಅದರ ಸೂಚಿಯನ್ನು ಪ್ರಕಟಿಸಿದನು. ದಕ್ಷಿಣದ ಭಾಷೆಗಳ ಪ್ರತಿಗಳು ಮದರಾಸಿಗೆ ಮರಳಿದವು. ವಿಲಿಯಂ ಟೇಲರನು ೧೮೫೭ರಿಂದ ೧೮೬೨ರ ವರೆಗೆ ಮೂರು ಸಂಪುಟಗಳಲ್ಲಿ ಮತ್ತೊಂದು ಸೂಚಿಯನ್ನು ಮಾಡಿದನು. ೧೮೬೯ರಲ್ಲಿ ಸ್ಥಾಪಿತವಾದ ಸರಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದ ವಿವರಣಾತ್ಮಕ ಸೂಚಿಗಳು ಆಮೇಲಿನವು. ಹೀಗೆ ಒಂದೇ ಸಂಗ್ರಹವನ್ನು ಹಲವು ಸೂಚಿಗಳು ಹಲವು ಕ್ರಮಗಳಲ್ಲಿ ಹೆಸರಿಸಿವೆ.

ಹಳೆಯ ಸಂಶೋಧಕನೊಬ್ಬನು ತನ್ನ ಅಡಿಟಿಪ್ಪಣಿಯಲ್ಲಿ ಬರೆದ ಕ್ರಮಾಂಕವು ಸಾಂಕೇತಿಕ ಕೊಂಡಿಯೇ ಅಲ್ಲವೆ? ಅದು ಕಟ್ಟಿನ ಹೆಸರನ್ನು ಹೇಳುತ್ತದೆ, ಕಟ್ಟನ್ನು ಹಿಡಿದಿರುವುದಿಲ್ಲ. ಕಪಾಟು ಬದಲಾದಾಗ, ಕ್ರಮಾಂಕ ಬದಲಾದಾಗ ಟಿಪ್ಪಣಿಗೆ ಸುದ್ದಿ ಮುಟ್ಟುವುದಿಲ್ಲ. ಹಳೆಯ ಕ್ರಮಾಂಕಕ್ಕೆ ಹೊಸ ಕ್ರಮಾಂಕವನ್ನು ಹೊಂದಿಸುವ ಸಮನ್ವಯಪಟ್ಟಿಯೊಂದು ಇದ್ದರೆ ದಾರಿ ತೆರೆದಿರುತ್ತದೆ. ಅದು ಒಬ್ಬ ವೃದ್ಧ ಗುಮಾಸ್ತೆಯ ನೆನಪಿನಲ್ಲಿ ಮಾತ್ರ ಇದ್ದರೆ, ಅವನು ನಿವೃತ್ತನಾದ ದಿನ ಗ್ರಂಥ ನಷ್ಟವಾಗದೆಯೂ ನಷ್ಟವಾದಂತೆ. ಯಂತ್ರದ ಕೊಂಡಿಗೆ ಇರುವ ದೊಡ್ಡ ಗುಣವೆಂದರೆ ಅದು ಬರಹದಲ್ಲಿದೆ, ಎಲ್ಲರೂ ಓದಬಹುದಾದಂತೆ ಇದೆ.

ಇದರ ಜೊತೆಗೆ ಕೊಂಡಿಗೂ ಪ್ರತಿಗೂ ಇರುವ ಭೇದವನ್ನು ಮರೆಯಬಾರದು. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಕರ್ನಾಟಕದ ಕೈಫಿಯತ್ತುಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾನಿಲಯವು ಪ್ರಕಟಿಸಿದಾಗ, ಅಲ್ಲಿಯ ವರೆಗೆ ಟಿಪ್ಪಣಿಗಳಲ್ಲಿ ಕ್ರಮಾಂಕವಾಗಿ ಮಾತ್ರ ಕಾಣುತ್ತಿದ್ದ ಎಷ್ಟೋ ಬರಹಗಳು ಸಾಮಾನ್ಯ ಓದುಗನ ಕೈಗೆ ಪ್ರತಿಯಾಗಿ ಬಂದವು. ಪ್ರತಿಯು ಮೂಲ ಅಳಿದರೂ ಉಳಿಯುತ್ತದೆ; ಆದರೆ ಮೂಲದಲ್ಲಿ ತಿದ್ದುಪಡಿಯಾದರೆ ಅದು ಹಿಂದುಳಿಯುತ್ತದೆ. ಕೊಂಡಿಯು ಮೂಲದೊಡನೆ ಸದಾ ಹೊಸದಾಗಿರುತ್ತದೆ. ಆದರೆ ಮೂಲ ಅಳಿದರೆ ಬರಿದಾಗುತ್ತದೆ. ಓಲೆಗರಿಗಳನ್ನು ತಲೆಮಾರಿನಿಂದ ತಲೆಮಾರಿಗೆ ಪ್ರತಿಮಾಡಿಟ್ಟ ನಮ್ಮ ಲಿಪಿಕಾರರ ಶ್ರಮದಿಂದಲೇ ಹಳಗನ್ನಡ ಕಾವ್ಯಗಳು ನಮಗೆ ದಕ್ಕಿದುವು. ಅವರು 'ಇಂಥ ಮಠದಲ್ಲಿದೆ, ನೋಡಿಕೊಳ್ಳಿ' ಎಂಬ ಚೀಟಿಯನ್ನು ಮಾತ್ರ ಉಳಿಸಿದ್ದರೆ ನಮ್ಮ ಸ್ಥಿತಿ ಏನಾಗುತ್ತಿತ್ತೆಂಬುದನ್ನು ಊಹಿಸಬಹುದು.

೮

ಹೊರನಾಡಿನ ಕನ್ನಡ ಸಂಘಗಳಲ್ಲಿ ಹಳೆಯ ಸಂಚಿಕೆ, ನಡವಳಿ, ಛಾಯಾಚಿತ್ರ, ಪತ್ರಗಳನ್ನು ಯಂತ್ರಕ್ಕೆ ಏರಿಸುವ ಕೆಲಸವನ್ನು ಕೈಗೊಳ್ಳುವವರು ಮೇಲಿನ ವಿವೇಚನೆಯಿಂದ ಮೂರು ನಿಯಮಗಳನ್ನು ಪಡೆಯಬಹುದು. ಒಂದು: ಅಮೂಲ್ಯವಾದುದನ್ನು ಕೊಂಡಿಯಾಗಿ ಮಾತ್ರ ಇಡಬಾರದು, ಬೇರೆ ಬೇರೆ ಊರುಗಳಲ್ಲಿ ಎರಡು ಮೂರು ಪ್ರತಿಗಳಿರಬೇಕು. ಡಿಸ್ಕಿನ ನಕಲನ್ನು ತೆಗೆಯುವಾಗ ಕೊಂಡಿ ಹೋಯಿತೋ ಅದರ ಗುರಿಯೂ ಹೋಯಿತೋ ಎಂಬುದನ್ನು ತೆರೆದು ನೋಡಬೇಕು. ಎರಡು: ಒಟ್ಟಿಗೆ ಸಾಗುವ ಸಂಗ್ರಹದೊಳಗೆ ಸಾಪೇಕ್ಷ ಕೊಂಡಿಗಳನ್ನೇ ಬಳಸಬೇಕು, ಯಂತ್ರ ಬದಲಾದಾಗಲೂ ಮನೆ ಬದಲಾದಾಗಲೂ ಅವು ಕೆಡುವುದಿಲ್ಲ. ಮೂರು: ಹೆಸರು ಬದಲಿಸಿದ ದಿನವೇ ಹಳೆಯ ಹೆಸರಿಗೆ ಕೊಂಡಿಯನ್ನಿಟ್ಟು, ವರ್ಷಕ್ಕೊಮ್ಮೆಯಾದರೂ ತೂಗಾಡುವ ಕೊಂಡಿಗಳನ್ನು ಹುಡುಕಿ ಸರಿಪಡಿಸಬೇಕು. ಗುರಿಯು ತಾನಾಗಿ ಬಂದು ಹೇಳುವುದಿಲ್ಲವಾದುದರಿಂದ ಈ ಹೊಣೆ ಕೊಂಡಿಯನ್ನು ಇಟ್ಟವನದೇ.

ಈ ಕೊನೆಯ ಮಾತು ಯಂತ್ರಕ್ಕಷ್ಟೇ ಸೀಮಿತವಲ್ಲ. ಪುರಸೈವಾಕ್ಕಂನಂಥ ಬಡಾವಣೆಯಲ್ಲಿ ಬಾಳುತ್ತಿರುವ ಕನ್ನಡಿಗನ ಮನೆಯಲ್ಲಿ ಊರಿನ ಹೆಸರು ಉಳಿದಿರುತ್ತದೆ. ಮೊಮ್ಮಕ್ಕಳ ಹೆಸರಿನ ಹಿಂದೆ ಒಂದು ಅಕ್ಷರವಾಗಿಯಾದರೂ ಉಳಿಯುತ್ತದೆ. ಅದು ತೋರುವ ಊರು ಅಲ್ಲಿಯೇ ಇದೆಯೆ, ಅಣೆಕಟ್ಟಿನ ನೀರಿನಲ್ಲಿ ಮುಳುಗಿತೆ, ನಗರದೊಳಗೆ ಕರಗಿತೆ ಎಂಬುದು ಆ ಅಕ್ಷರಕ್ಕೆ ತಿಳಿಯದು. ಹೊರಗಿನಿಂದ ತನ್ನನ್ನು ಎಷ್ಟು ಹೆಸರುಗಳು ತೋರುತ್ತಿವೆ ಎಂಬ ಎಣಿಕೆ ಊರಿಗೂ ಇಲ್ಲ. ಭಾಷೆಯನ್ನು ಮನೆಯಲ್ಲಿ ಆಡಿ, ಮಕ್ಕಳಿಗೆ ಅಕ್ಷರ ಕಲಿಸಿ, ಪುಸ್ತಕವನ್ನು ಕೈಗಿತ್ತರೆ ಅಲ್ಲಿ ಕನ್ನಡದ ಒಂದು ಪ್ರತಿಯೇ ಸಿದ್ಧವಾದಂತೆ. ಹೆಸರನ್ನು ಮಾತ್ರ ಉಳಿಸಿಕೊಂಡರೆ ಕೊಂಡಿಯೊಂದು ಉಳಿದಂತೆ. ಎರಡಕ್ಕೂ ಬೆಲೆಯುಂಟು, ಆದರೆ ಎರಡೂ ಒಂದೇ ಅಲ್ಲವೆಂಬುದನ್ನು ವಾಚಕರು ಗಮನಿಸುವರೆಂದು ನಂಬಿದ್ದೇನೆ.